ಆರು ವಾರಕ್ಕೊಂದು ಗಾಡಿ: ಒಂದು ಕಂಪೈಲರ್‌ನ ಹೊಸ ಬಿಡುಗಡೆ

(ಸಂಘದ ಮಹಿಳಾ ವೇದಿಕೆಯ ಮಾಸಿಕ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಹೋದ ತಿಂಗಳು ಇದೇ ಜಾಗದಲ್ಲಿ ಮಂಡಿನೋವಿನ ಬಗ್ಗೆ ಉಪನ್ಯಾಸವಿತ್ತು. ಅದರ ಹಿಂದಿನ ತಿಂಗಳು ಕಸೂತಿ. ಇವತ್ತು ಕಂಪೈಲರ್! ಕಾರ್ಯದರ್ಶಿಯವರು ಫೋನ್ ಮಾಡಿ, "ನಿನ್ನ ಕೆಲಸದ ಬಗ್ಗೆಯೇ ಮಾತಾಡು ಮಾರಾಯ್ತಿ, ನಮಗೂ ಸ್ವಲ್ಪ ಗೊತ್ತಾಗಲಿ" ಅಂದರು. ನಮ್ಮ ಮನೆಯಲ್ಲೇ ಯಾರಿಗೂ ಗೊತ್ತಾಗಿಲ್ಲ, ಇಲ್ಲಿ ಹೇಗೆ ಹೇಳಲಿ ಎಂದು ಒಂದು ವಾರ ಯೋಚಿಸಿದೆ. ಪಾರಿಭಾಷಿಕ ಪದಗಳು ಕೆಲವು ಬರುತ್ತವೆ, ಬಂದಾಗ ಬಿಡಿಸಿ ಹೇಳುತ್ತೇನೆ. ಹೇಳದೆ ಮುಂದೆ ಹೋದರೆ ಅಲ್ಲೇ ತಡೆದು ಕೇಳಿ.

ಕಂಪೈಲರ್ ಎಂದರೆ ದುಭಾಷಿ. ನಾವು ಮನುಷ್ಯರಿಗೆ ಅರ್ಥವಾಗುವ ಭಾಷೆಯಲ್ಲಿ ಪ್ರೋಗ್ರಾಂ ಬರೆಯುತ್ತೇವೆ. ಯಂತ್ರಕ್ಕೆ ಅದು ತಿಳಿಯುವುದಿಲ್ಲ, ಅದಕ್ಕೆ ತಿಳಿಯುವುದು ಸೊನ್ನೆ ಒಂದುಗಳ ಸಾಲು. ನಡುವೆ ನಿಂತು ಅನುವಾದ ಮಾಡುವ ಸಾಫ್ಟ್‌ವೇರ್ ಕಂಪೈಲರ್. ಈ ಕೆಲಸಕ್ಕೆ ದಾರಿ ಹಾಕಿದವರಲ್ಲಿ ಮೊದಲಿಗಳು ಒಬ್ಬ ಹೆಂಗಸು ಎಂಬುದನ್ನು ಈ ವೇದಿಕೆಯಲ್ಲಿ ಹೇಳದಿದ್ದರೆ ತಪ್ಪಾಗುತ್ತದೆ. ಅಮೆರಿಕದ ಗ್ರೇಸ್ ಹಾಪರ್. ಗಣಿತದಲ್ಲಿ ಡಾಕ್ಟರೇಟ್ ಪಡೆದು ನೌಕಾಪಡೆ ಸೇರಿದವರು. 1952ರಲ್ಲಿ ಯುನಿವ್ಯಾಕ್ ಯಂತ್ರಕ್ಕಾಗಿ ಎ-ಝೀರೋ ಎಂಬ ಕಂಪೈಲರ್ ಮಾಡಿದರು. ಯಂತ್ರವೇ ಪ್ರೋಗ್ರಾಂ ಜೋಡಿಸಬಲ್ಲದು ಎಂದರೆ ಆಗ ಯಾರೂ ನಂಬಲಿಲ್ಲ. ಮುಂದೆ ಅವರು ಇನ್ನೊಂದು ಕೆಲಸ ಮಾಡಿದರು. ಇಂಗ್ಲಿಷ್ ಪದಗಳಲ್ಲಿ ಬರೆದ ಪ್ರೋಗ್ರಾಂ ಯಂತ್ರಕ್ಕೆ ಅರ್ಥವಾಗುವುದಾದರೆ ಫ್ರೆಂಚ್ ಮತ್ತು ಜರ್ಮನ್ ಪದಗಳೂ ಆದಾವು ಎಂದು ಮೇಲಧಿಕಾರಿಗಳಿಗೆ ಮಾಡಿ ತೋರಿಸಿದರು. ಅಧಿಕಾರಿಗಳು ಗಾಬರಿಯಾದರಂತೆ. ಅಮೆರಿಕದ ಯಂತ್ರಕ್ಕೆ ಫ್ರೆಂಚ್ ಹೇಗೆ ಬರುತ್ತದೆ ಎಂಬುದು ಅವರ ತಕರಾರು! ಈ ಕಥೆಯನ್ನು ನೆನಪಿಟ್ಟುಕೊಳ್ಳಿ, ಕನ್ನಡದ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ನಾನು ಇವತ್ತು ಹೇಳಹೊರಟಿರುವುದು ರಸ್ಟ್ ಎಂಬ ಭಾಷೆಯ ಕಂಪೈಲರ್ ಬಗ್ಗೆ. 2025ರ ಫೆಬ್ರವರಿ 20ರಂದು ಅದರ 1.85 ಎಂಬ ಆವೃತ್ತಿ ಬಿಡುಗಡೆಯಾಯಿತು. ರಸ್ಟ್ ಎಂದರೆ ತುಕ್ಕು. ಭಾಷೆಗೆ ಇದೆಂಥ ಹೆಸರು ಅಂತೀರಾ? ಇದು ಕಬ್ಬಿಣದ ತುಕ್ಕಲ್ಲ, ಗಿಡಗಳಿಗೆ ಬರುವ ತುಕ್ಕು, ಒಂದು ಬಗೆಯ ಶಿಲೀಂಧ್ರ. ನನ್ನ ತವರು ಚಿಕ್ಕಮಗಳೂರು ಕಡೆ. ಕಾಫಿ ತೋಟದವರಿಗೆ ಎಲೆ ತುಕ್ಕು ರೋಗದ ಹೆಸರು ಕೇಳಿದರೇ ಮೈ ಉರಿಯುತ್ತದೆ. ಏನು ಸಿಂಪಡಿಸಿದರೂ ಎಲ್ಲೋ ಉಳಿದುಕೊಂಡು ಮತ್ತೆ ಬರುತ್ತದೆ. ಆ ಜಾತಿಯ ಶಿಲೀಂಧ್ರಗಳ ಗಟ್ಟಿಜೀವವನ್ನು ಮೆಚ್ಚಿ ಭಾಷೆಯ ಕರ್ತೃ ಗ್ರೇಡನ್ ಹೋರ್ ಈ ಹೆಸರಿಟ್ಟರು. 2006ರಲ್ಲಿ ಅವರು ಕೆನಡಾದ ವ್ಯಾಂಕೂವರ್‌ನಲ್ಲಿದ್ದರು, ಮನೆ 21ನೇ ಮಹಡಿಯಲ್ಲಿ. ಒಂದು ದಿನ ಬಂದು ನೋಡಿದರೆ ಲಿಫ್ಟ್ ಕೆಟ್ಟು ನಿಂತಿದೆ. ಕೆಟ್ಟದ್ದು ಹಗ್ಗವಲ್ಲ, ಮೋಟಾರ್ ಅಲ್ಲ, ಸಾಫ್ಟ್‌ವೇರ್. ಮೆಟ್ಟಿಲು ಹತ್ತುತ್ತಾ, ಒಂದು ಲಿಫ್ಟ್‌ನ ಪ್ರೋಗ್ರಾಮನ್ನೂ ಕುಸಿಯದ ಹಾಗೆ ಬರೆಯಲು ನಮಗೆ ಆಗುತ್ತಿಲ್ಲವಲ್ಲ ಎಂದು ಬೇಸರಪಟ್ಟುಕೊಂಡರಂತೆ. ಲಿಫ್ಟ್ ಇಲ್ಲದ ದಿನ ಎಂದರೇನು ಎಂದು ಈ ಊರಿನಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ.

ಸಾಫ್ಟ್‌ವೇರ್ ಹೀಗೆ ಕುಸಿಯುವುದಕ್ಕೆ ದೊಡ್ಡ ಕಾರಣಗಳಲ್ಲೊಂದು ಮೆಮೊರಿಯ ಗೊಂದಲ. ಕಂಪ್ಯೂಟರ್‌ನ ನೆನಪಿನ ಒಂದೇ ಜಾಗವನ್ನು ಪ್ರೋಗ್ರಾಂನ ಒಂದು ಭಾಗ ಓದುತ್ತಿರುವಾಗ ಇನ್ನೊಂದು ಭಾಗ ಅದನ್ನೇ ಬದಲಾಯಿಸುತ್ತದೆ, ಇಲ್ಲವೇ ಖಾಲಿ ಮಾಡಿಬಿಡುತ್ತದೆ. ನಮ್ಮ ವೇದಿಕೆಯ ಲೆಕ್ಕದ ಪುಸ್ತಕ ನೆನಪಿಸಿಕೊಳ್ಳಿ. ಎಷ್ಟು ಜನ ಬೇಕಾದರೂ ಒಟ್ಟಿಗೆ ಬಗ್ಗಿ ಓದಬಹುದು. ಆದರೆ ಖಜಾಂಚಿಯವರು ಪೆನ್ನು ಹಿಡಿದು ಬರೆಯುತ್ತಿರುವಷ್ಟು ಹೊತ್ತು ಬೇರೆಯವರು ಬರೆಯಲೂಬಾರದು, ಅರ್ಧ ಬರೆದ ಮೊತ್ತವನ್ನು ಓದಿ ಊರೆಲ್ಲ ಹೇಳಲೂಬಾರದು. ಪುಸ್ತಕವನ್ನು ಹೊಸ ಖಜಾಂಚಿಗೆ ಒಪ್ಪಿಸಿದ ಮೇಲೆ ಹಳಬರ ಕೈಗೆ ಅದು ಸಿಗಬಾರದು. ರಸ್ಟ್‌ನ ಮುಖ್ಯ ನಿಯಮ ಇಷ್ಟೇ. ಬೇರೆ ಭಾಷೆಗಳಲ್ಲಿ ಈ ಶಿಸ್ತು ಬರೆಯುವವರ ಎಚ್ಚರಕ್ಕೆ ಬಿಟ್ಟದ್ದು, ಇಲ್ಲವೇ ಪ್ರೋಗ್ರಾಂ ಓಡುವಾಗ ಹಿಂದೆ ಹಿಂದೆ ಗುಡಿಸುತ್ತಾ ಬರುವ ವ್ಯವಸ್ಥೆಯೊಂದು ಬೇಕು. ರಸ್ಟ್‌ನಲ್ಲಿ ಕಂಪೈಲರ್ ಬಾಗಿಲಲ್ಲೇ ನಿಂತು ತಡೆಯುತ್ತದೆ. ಅದರಿಂದ ಏನಾಗುತ್ತದೆ ಎನ್ನುವುದಕ್ಕೆ ಗೂಗಲ್ ಕೊಟ್ಟಿರುವ ಒಂದು ಲೆಕ್ಕವಿದೆ. ನಿಮ್ಮೆಲ್ಲರ ಕೈಯಲ್ಲಿರುವ ಆಂಡ್ರಾಯ್ಡ್‌ನಲ್ಲಿ 2019ರಲ್ಲಿ ಸಿಕ್ಕ ಭದ್ರತಾ ದೋಷಗಳಲ್ಲಿ ನೂರಕ್ಕೆ 76 ಮೆಮೊರಿಯ ತಪ್ಪುಗಳು. ಹೊಸ ಕೋಡನ್ನು ರಸ್ಟ್‌ನಂಥ ಸುರಕ್ಷಿತ ಭಾಷೆಗಳಲ್ಲಿ ಬರೆಯತೊಡಗಿದ ಮೇಲೆ 2024ರಲ್ಲಿ ಅದು ನೂರಕ್ಕೆ 24ಕ್ಕೆ ಇಳಿಯಿತು. ಲಿನಕ್ಸ್ ಕರ್ನಲ್‌ಗೂ 2022ರ ಡಿಸೆಂಬರ್‌ನಲ್ಲಿ ರಸ್ಟ್ ಕಾಲಿಟ್ಟಿತು.

ಹೊಗಳಿಕೆ ಸಾಕು. ಕಲಿಯಲು ಇದು ಸುಲಭದ ಭಾಷೆಯಲ್ಲ. ಮೊದಲ ತಿಂಗಳು ಕಂಪೈಲರ್ ಹೇಳುವ 'ಆಗದು' ಕೇಳಿ ಕೇಳಿ ಕಣ್ಣಲ್ಲಿ ನೀರು ಬರುತ್ತದೆ. ಅನುವಾದವೂ ನಿಧಾನ. ದೊಡ್ಡ ಪ್ರೋಗ್ರಾಂ ಕೊಟ್ಟು ಒಂದು ಲೋಟ ಕಾಫಿ ಮಾಡಿ ಕುಡಿದು ಬರಬಹುದು.

ಈಗ ಬಿಡುಗಡೆಯ ವಿಷಯ. ಇದೇ ನನಗೆ ಬಹಳ ಹಿಡಿಸಿದ ಭಾಗ. ರಸ್ಟ್‌ನ ಬಿಡುಗಡೆ ಪದ್ಧತಿಗೆ ಅವರೇ ಇಟ್ಟ ಹೆಸರು ರೈಲು. ಆರು ವಾರಕ್ಕೊಂದು ಗಾಡಿ ಹೊರಡುತ್ತದೆ, ಗುರುವಾರದ ದಿನ. 1.84 ಜನವರಿ 9ಕ್ಕೆ, 1.85 ಫೆಬ್ರವರಿ 20ಕ್ಕೆ, 1.86 ಏಪ್ರಿಲ್ 3ಕ್ಕೆ, 1.87 ಮೇ 15ಕ್ಕೆ. ಕ್ಯಾಲೆಂಡರ್ ಹಿಡಿದು ಎಣಿಸಿ ನೋಡಿ, ಸರಿಯಾಗಿ 42 ದಿನ. ಯಾವುದೋ ಹೊಸ ಸೌಲಭ್ಯ ಸಿದ್ಧವಾಗಿಲ್ಲ ಎಂದು ಗಾಡಿ ಕಾಯುವುದಿಲ್ಲ. 8.12ರ ಫಾಸ್ಟ್ ತಪ್ಪಿದರೆ ಮುಂದಿನದು ಹಿಡಿಯುತ್ತೇವಲ್ಲ, ಹಾಗೆ. ಇದರಿಂದಾಗುವ ಲಾಭ ನೋಡಿ. ವರ್ಷಕ್ಕೊಂದೇ ಗಾಡಿಯಿದ್ದರೆ ಎಲ್ಲರೂ ಅದಕ್ಕೇ ನುಗ್ಗುತ್ತಾರೆ, ಅರ್ಧ ಬೆಂದದ್ದನ್ನೂ ಹೇಗೋ ತುರುಕುತ್ತಾರೆ. ಆರು ವಾರದಲ್ಲಿ ಮತ್ತೊಂದಿದೆ ಎಂದು ಗೊತ್ತಿದ್ದರೆ ಅವಸರವಿಲ್ಲ. ಪ್ರತಿ ರಾತ್ರಿ ತಯಾರಾಗುವ ಹಸಿ ಆವೃತ್ತಿಗೆ ನೈಟ್ಲಿ ಎನ್ನುತ್ತಾರೆ. ಆರು ವಾರಕ್ಕೊಮ್ಮೆ ಅದು ಬೀಟಾ ಆಗುತ್ತದೆ, ಇನ್ನಾರು ವಾರ ಜನ ಬಳಸಿ ತಿಣುಕಿದ ಮೇಲೆ ಸ್ಟೇಬಲ್, ಅಂದರೆ ಎಲ್ಲರಿಗೂ ಬಡಿಸುವ ಆವೃತ್ತಿ.

ಇನ್ನೊಂದು ಸ್ವಾರಸ್ಯ. ಈ ಕಂಪೈಲರನ್ನೂ ರಸ್ಟ್ ಭಾಷೆಯಲ್ಲೇ ಬರೆದಿದ್ದಾರೆ. ಹಾಗಾದರೆ ಅದನ್ನು ಅನುವಾದಿಸುವವರು ಯಾರು? ಹಿಂದಿನ ಆವೃತ್ತಿಯ ಕಂಪೈಲರ್! ಮೊಸರಿಗೆ ಹೆಪ್ಪು ಹಾಕಿದ ಹಾಗೆ. ನಿನ್ನೆಯ ಮೊಸರಿನ ಒಂದು ಚಮಚದಿಂದ ಇವತ್ತಿನ ಮೊಸರು, ಇವತ್ತಿನದರಿಂದ ನಾಳೆಯದು. ಮೊಟ್ಟಮೊದಲ ಹೆಪ್ಪು ಎಲ್ಲಿಂದ ಬಂತು ಎಂದರೆ ಪಕ್ಕದ ಮನೆಯಿಂದ. ಮೊದಲ ರಸ್ಟ್ ಕಂಪೈಲರ್ ಒಕ್ಯಾಮಲ್ ಎಂಬ ಬೇರೆ ಭಾಷೆಯಲ್ಲಿತ್ತು. 2011ರಲ್ಲಿ ರಸ್ಟ್ ತನ್ನನ್ನು ತಾನೇ ಅನುವಾದಿಸಿಕೊಳ್ಳಲು ಕಲಿಯಿತು. ಹೆಪ್ಪೇ ಕೆಟ್ಟಿದ್ದರೆ ಮುಂದಿನ ಎಲ್ಲ ಮೊಸರೂ ಕೆಡುತ್ತದಲ್ಲ ಎಂಬ ಭಯವೂ ಈ ಕ್ಷೇತ್ರದಲ್ಲಿದೆ. ಯೂನಿಕ್ಸ್ ಮಾಡಿದ ಕೆನ್ ಥಾಂಪ್ಸನ್ 1984ರಲ್ಲಿ ಪ್ರಕಟವಾದ ತಮ್ಮ ಟ್ಯೂರಿಂಗ್ ಪ್ರಶಸ್ತಿ ಭಾಷಣದಲ್ಲಿ ಇದನ್ನೇ ತೋರಿಸಿ ಎಲ್ಲರನ್ನೂ ಬೆಚ್ಚಿಬೀಳಿಸಿದ್ದರು.

1.85ರ ವಿಶೇಷವೇನೆಂದರೆ ಅದರೊಂದಿಗೆ '2024 ಎಡಿಷನ್' ಬಂತು. ಎಡಿಷನ್ ಎನ್ನುವುದು ಮೂರು ವರ್ಷಕ್ಕೊಮ್ಮೆ ಬರುವ ದೊಡ್ಡ ಹಬ್ಬದ ಹಾಗೆ: 2015, 2018, 2021, ಈಗ 2024. ಇಲ್ಲಿಯವರೆಗಿನ ಎಡಿಷನ್‌ಗಳಲ್ಲಿ ಇದೇ ದೊಡ್ಡದು ಎಂದು ಅವರೇ ಹೇಳಿದ್ದಾರೆ. ಭಾಷೆಯ ನಿಯಮವನ್ನೇ ಬದಲಾಯಿಸಬೇಕಾದ ಸಂಗತಿಗಳು ಇಲ್ಲಿ ಬರುತ್ತವೆ. ಒಂದು ಉದಾಹರಣೆ ಕೊಡುತ್ತೇನೆ. 'ಬೀರುವಿನಲ್ಲಿ ಹಣವಿದ್ದರೆ ಇದು ಮಾಡು, ಇಲ್ಲದಿದ್ದರೆ ಅದು ಮಾಡು' ಎಂಬ ಒಂದು ಸಾಲು ಇದೆ ಎನ್ನಿ. ನೋಡುವುದಕ್ಕೆ ಬೀರುವಿನ ಕೀಲಿ ತೆಗೆದುಕೊಳ್ಳಬೇಕು. ಹಳೆಯ ನಿಯಮದಲ್ಲಿ, ಹಣವಿಲ್ಲ ಎಂದು ತಿಳಿದು 'ಇಲ್ಲದಿದ್ದರೆ' ಭಾಗಕ್ಕೆ ಹೋದ ಮೇಲೂ ಕೀಲಿ ಕೈಯಲ್ಲೇ ಉಳಿಯುತ್ತಿತ್ತು. ಅಲ್ಲಿ ಹಣ ಇಡಲು ಅದೇ ಕೀಲಿ ಇನ್ನೊಮ್ಮೆ ಬೇಕಾದರೆ? ಕೊಡುವವಳೂ ಅವಳೇ, ಕಾಯುವವಳೂ ಅವಳೇ, ಪ್ರೋಗ್ರಾಂ ಕಲ್ಲಿನಂತೆ ನಿಂತುಬಿಡುತ್ತದೆ. 2024ರ ನಿಯಮದಲ್ಲಿ 'ಇಲ್ಲದಿದ್ದರೆ'ಗೆ ಹೋಗುವ ಮೊದಲೇ ಕೀಲಿ ವಾಪಸ್ ಮೊಳೆಗೆ. ಚಿಕ್ಕ ಬದಲಾವಣೆ, ಆದರೆ ಇಂಥ ತಪ್ಪು ಹುಡುಕುತ್ತಾ ರಾತ್ರಿ ಎರಡು ಗಂಟೆಯವರೆಗೆ ಕೂತವರಿಗೆ ಅದರ ಬೆಲೆ ಗೊತ್ತು.

ಆದರೆ ನಿಯಮ ಬದಲಾದರೆ ಹಳೆಯ ಪ್ರೋಗ್ರಾಂಗಳ ಗತಿಯೇನು? ನಾನು ಈ ಮಾತಿಗಾಗಿಯೇ ಇಲ್ಲಿ ನಿಂತಿದ್ದೇನೆ. ಎಡಿಷನ್ ಕಡ್ಡಾಯವಲ್ಲ. ನೀವಾಗಿ 2024 ಬೇಕು ಎಂದು ಒಂದು ಸಾಲು ಬರೆಯುವವರೆಗೆ ನಿಮ್ಮ ಪ್ರೋಗ್ರಾಂ ಹಳೆಯ ನಿಯಮದಲ್ಲೇ ನಡೆಯುತ್ತದೆ. ಹೊಸ ಕಂಪೈಲರ್ ನಾಲ್ಕೂ ಎಡಿಷನ್‌ಗಳ ಭಾಷೆಯನ್ನು ಬಲ್ಲದು. ಅಷ್ಟೇ ಅಲ್ಲ, ಒಂದೇ ಪ್ರೋಗ್ರಾಂನಲ್ಲಿ 2015ರ ಭಾಗ ಮತ್ತು 2024ರ ಭಾಗ ಒಟ್ಟಿಗೆ ಇರಬಹುದು. ಒಂದೇ ಅಡುಗೆಮನೆಯಲ್ಲಿ ಅತ್ತೆ ಪಾವು ಸೇರಿನಲ್ಲಿ ಅಳೆಯುತ್ತಾರೆ, ಸೊಸೆ ಗ್ರಾಂನಲ್ಲಿ. ಪಾತ್ರೆಗೆ ಬೀಳುವುದು ಅದೇ ಅಕ್ಕಿ. ಅತ್ತೆಗೆ ಗ್ರಾಂ ಕಲಿಯಿರಿ, ಇಲ್ಲದಿದ್ದರೆ ಅಡುಗೆಮನೆಗೆ ಬರಬೇಡಿ ಎಂದು ಇಲ್ಲಿ ಯಾರೂ ಹೇಳುವುದಿಲ್ಲ.

ಇದು ನನಗೆ ಬರೀ ತಾಂತ್ರಿಕ ವಿಷಯವಲ್ಲ. ಮಗಳು ಹುಟ್ಟಿದ ಮೇಲೆ 2018ರಲ್ಲಿ ಕೆಲಸ ಬಿಟ್ಟೆ. ನಂತರ ಮಾವನವರ ಕಾಯಿಲೆ, ಆಮೇಲೆ ಕೋವಿಡ್. ಏಳು ವರ್ಷ ಕಳೆದದ್ದೇ ತಿಳಿಯಲಿಲ್ಲ. ಮತ್ತೆ ಕೆಲಸ ಹುಡುಕಲು ಹೊರಟಾಗ ಒಂದು ಕಂಪನಿಯ ಸಂದರ್ಶನದಲ್ಲಿ ಚಿಕ್ಕ ವಯಸ್ಸಿನ ಒಬ್ಬರು ನನ್ನ ಅರ್ಜಿ ನೋಡಿ, "ಮ್ಯಾಡಮ್, ಈ ಲೈನ್‌ನಲ್ಲಿ ಏಳು ವರ್ಷ ಹಳೆಯದು ಅಂದರೆ ಗುಜರಿ" ಎಂದರು. ನಗುತ್ತಲೇ ಹೇಳಿದರು. ಮನೆಗೆ ಬಂದು ಹಳೆಯ ಹಾರ್ಡ್ ಡಿಸ್ಕ್ ತೆಗೆದೆ. ಅದರಲ್ಲಿ 2017ರಲ್ಲಿ ನಾನು ರಸ್ಟ್ ಕಲಿಯುವಾಗ ರಾತ್ರಿ ಕೂತು ಬರೆದ ಒಂದು ಸಣ್ಣ ಪ್ರೋಗ್ರಾಂ ಇತ್ತು, ನಮ್ಮ ಬಿಲ್ಡಿಂಗ್ ಹೆಂಗಸರ ಭಿಸಿಯ ಲೆಕ್ಕ ಇಡುವುದಕ್ಕೆ ಮಾಡಿದ್ದು. ಆಗಷ್ಟೇ ಬಂದಿದ್ದ 1.85 ಹಾಕಿ, ಅದಕ್ಕೆ ಕೊಟ್ಟೆ. ಹದಿನಾಲ್ಕು ಎಚ್ಚರಿಕೆಗಳು ಬಂದವು: ಈ ಪದ ಈಗ ಹಳತಾಗಿದೆ, ಇದರ ಬದಲು ಹೀಗೆ ಬರೆದರೆ ಒಳ್ಳೆಯದು ಎಂದು. ದೋಷ ಒಂದೂ ಇಲ್ಲ. ಪ್ರೋಗ್ರಾಂ ಓಡಿತು, 2017ರ ದೀಪಾವಳಿಗೆ ಭಿಸಿ ಯಾರಿಗೆ ಹೋಯಿತು ಎಂದು ತೋರಿಸಿತು. ಬಳಿಕ ಎಡಿಷನ್ ಬದಲಿಸುವ 'ಕಾರ್ಗೋ ಫಿಕ್ಸ್' ಎಂಬ ಆಜ್ಞೆ ಕೊಟ್ಟೆ. ಹಳೆಯ ಬರವಣಿಗೆಯ ಬಹುಪಾಲನ್ನು ಅದೇ ತಿದ್ದಿಕೊಟ್ಟಿತು. 2015ರಿಂದ 2018, ಅಲ್ಲಿಂದ 2021, ಅಲ್ಲಿಂದ 2024, ಮೆಟ್ಟಿಲು ಮೆಟ್ಟಿಲಾಗಿ. ಸಂಜೆ ಮಗಳು ಶಾಲೆಯಿಂದ ಬರುವಷ್ಟರಲ್ಲಿ ನಾನು ಈ ಕಾಲಕ್ಕೆ ಬಂದು ತಲುಪಿದ್ದೆ.

ಇದೇನು ಪವಾಡವಲ್ಲ, ಯಾರೋ ಕೂತು ಮಾಡಿದ ಕೆಲಸ. ಹೊಸ ಆವೃತ್ತಿಯ ಸುದ್ದಿ ಬಂದಾಗ ಎಲ್ಲರೂ ಕೇಳುವುದು 'ಹೊಸದೇನಿದೆ' ಎಂದು. 'ಏನನ್ನು ಕೆಡದಂತೆ ನೋಡಿಕೊಂಡಿರಿ' ಎಂದು ಕೇಳುವವರಿಲ್ಲ. ಮನೆಗೆಲಸದ್ದೂ ಇದೇ ಹಣೆಬರಹ ತಾನೆ? ಮಾಡಿದ್ದು ಕಾಣುವುದಿಲ್ಲ, ಒಂದು ದಿನ ಮಾಡದಿದ್ದರೆ ಕಾಣುತ್ತದೆ. ರಸ್ಟ್‌ನವರ ಹತ್ತಿರ ಕ್ರೇಟರ್ ಎಂಬ ಸಾಧನವಿದೆ. ಜನ ಬರೆದು ಸಾರ್ವಜನಿಕವಾಗಿ ಇಟ್ಟಿರುವ ಲಕ್ಷಕ್ಕೂ ಮೀರಿದ ಪ್ರೋಗ್ರಾಂ ಪೊಟ್ಟಣಗಳಿವೆ. ಕ್ರೇಟರ್ ಅವನ್ನು ಹಳೆಯ ಕಂಪೈಲರ್‌ನಲ್ಲಿ ಒಮ್ಮೆ, ಹೊಸದರಲ್ಲಿ ಒಮ್ಮೆ ಹಾಕಿ, ಮೊದಲು ಸರಿಯಿದ್ದು ಈಗ ಕೆಟ್ಟದ್ದು ಯಾವುದು ಎಂದು ಪಟ್ಟಿ ಕೊಡುತ್ತದೆ. ಇದಕ್ಕೆ ದಿನಗಟ್ಟಲೆ ಹಿಡಿಯುತ್ತದೆ. ಆಮೇಲೆ ಮನುಷ್ಯರು ಒಂದೊಂದನ್ನೇ ನೋಡಬೇಕು.

ಇಷ್ಟಾದರೂ ಎಡವಿದ್ದುಂಟು. 2024ರ ಜುಲೈ 25ರಂದು ಬಂದ 1.80ರ ಕಥೆ ಕೇಳಿ. 'ಟೈಮ್' ಎಂಬ ಒಂದು ಪೊಟ್ಟಣವಿದೆ, ದಿನಾಂಕ ಮತ್ತು ಗಂಟೆಗಳ ಲೆಕ್ಕಕ್ಕೆ ಅಸಂಖ್ಯಾತ ಪ್ರೋಗ್ರಾಂಗಳು ಅದನ್ನು ನೆಚ್ಚಿಕೊಂಡಿವೆ. ಅದರ 0.3.35ಕ್ಕಿಂತ ಹಳೆಯ ಆವೃತ್ತಿಗಳು 1.80ರಲ್ಲಿ ಅನುವಾದವಾಗದೆ ನಿಂತವು. ಕಾರಣ ತಮಾಷೆಯಾಗಿದೆ. ಮನೆಯಲ್ಲಿ ಒಬ್ಬಳೇ ಅತ್ತಿಗೆ ಇದ್ದಾಗ 'ಅತ್ತಿಗೆಯನ್ನು ಕರಿ' ಎಂದರೆ ಸಾಕು. ಎರಡನೆಯ ಅಣ್ಣನಿಗೂ ಮದುವೆಯಾದ ಮರುದಿನ ಅದೇ ಮಾತಿಗೆ 'ಯಾವ ಅತ್ತಿಗೆ?' ಎಂದು ಮಕ್ಕಳು ಕೇಳುತ್ತವೆ. ಹೊಸ ಅತ್ತಿಗೆಯದೇನೂ ತಪ್ಪಿಲ್ಲ, ಆಕೆ ಬಂದದ್ದು ಸಂತೋಷವೇ. ಆದರೆ ಮಾತು ಅಸ್ಪಷ್ಟವಾಯಿತು. 1.80ರಲ್ಲಿ ಆದದ್ದು ಇದೇ: ಗ್ರಂಥಾಲಯಕ್ಕೆ ಒಂದು ಉಪಯುಕ್ತ ಸೌಲಭ್ಯ ಸೇರಿಸಿದರು, ಅದರಿಂದ ಮೊದಲು ಒಂದೇ ಅರ್ಥವಿದ್ದ ಕಡೆ ಎರಡಾದವು. ಸರಿಪಡಿಸಿದ 'ಟೈಮ್' ಮೊದಲೇ ಸಿಗುತ್ತಿತ್ತು ನಿಜ, ಆದರೆ ಹಳೆಯದನ್ನೇ ಕಟ್ಟಿಕೊಂಡವರು ಬಹಳ ಮಂದಿ. ಸಾಕಷ್ಟು ಬೈಗುಳ ಬಿತ್ತು. ಬಿದ್ದದ್ದು ನ್ಯಾಯವೇ ಎಂದು ನನ್ನ ಅಭಿಪ್ರಾಯ. ಗೊತ್ತಿದ್ದ ಪೆಟ್ಟನ್ನು ಇನ್ನೊಂದು ಗಾಡಿಗೆ ತಡೆಯಬಹುದಿತ್ತು. ಆದರೆ ಒಂದು ಮಾತು. ಇಂಥದ್ದೊಂದು ಆದಾಗ ಇಷ್ಟು ಗದ್ದಲವಾಗುತ್ತದೆ ಎಂದರೆ, ಉಳಿದ ಹೊತ್ತು ಅದು ಎಷ್ಟು ಅಪರೂಪ ಎಂದೂ ತಿಳಿಯುತ್ತದೆ.

ಈ ಕೆಲಸ ಮಾಡುವವರು ಯಾರು? ರಸ್ಟ್ ಮುಕ್ತ ಸಾಫ್ಟ್‌ವೇರ್. ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಮೊದಲು ಮೊಜಿಲ್ಲಾ ಸಂಸ್ಥೆ ಇದನ್ನು ಸಾಕಿತು. 2015ರ ಮೇ 15ರಂದು 1.0 ಬಂತು. 2020ರ ಆಗಸ್ಟ್‌ನಲ್ಲಿ ಮೊಜಿಲ್ಲಾ ಸುಮಾರು 250 ಜನರನ್ನು ಕೆಲಸದಿಂದ ತೆಗೆಯಿತು, ಅವರಲ್ಲಿ ರಸ್ಟ್‌ಗೆ ದುಡಿಯುತ್ತಿದ್ದವರೂ ಇದ್ದರು. ಖಾಸಗಿ ಉತ್ಪನ್ನವಾಗಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಕೋಡ್ ಎಲ್ಲರದಾಗಿತ್ತು, ಕೆಲಸ ಬಲ್ಲವರು ಹೊರಗೂ ಇದ್ದರು. 2021ರ ಫೆಬ್ರವರಿಯಲ್ಲಿ ರಸ್ಟ್ ಫೌಂಡೇಶನ್ ಎಂಬ ಸ್ವತಂತ್ರ ಸಂಸ್ಥೆಯಾಯಿತು. 2025ರ ಮೇ 15ಕ್ಕೆ ಸರಿಯಾಗಿ ಹತ್ತು ವರ್ಷ. ಆ ದಿನದ ಗಾಡಿ 1.87ನ್ನು ನೆದರ್‌ಲೆಂಡ್ಸ್‌ನ ಉಟ್ರೆಕ್ಟ್‌ನಲ್ಲಿ ಎಲ್ಲರೂ ಸೇರಿ ವೇದಿಕೆಯ ಮೇಲಿಂದಲೇ ಬಿಟ್ಟರು. ಕೆಲವರಿಗೆ ಕಂಪನಿಗಳು ಸಂಬಳ ಕೊಡುತ್ತವೆ. ಅನೇಕರು ಬಿಡುವಿನಲ್ಲಿ ಬಿಟ್ಟಿಯಾಗಿ ಮಾಡುತ್ತಾರೆ, ದಣಿದು ಬಿಟ್ಟುಹೋಗುವವರೂ ಇದ್ದಾರೆ. ನಮ್ಮ ಸಂಘದ ಕಥೆಯಂತೆಯೇ. ಪ್ರತಿ ಬಿಡುಗಡೆಗೂ ಕೈಹಾಕಿದವರ ಹೆಸರಿನ ಪಟ್ಟಿಯೊಂದನ್ನು ಹಾಕುತ್ತಾರೆ, ದೊಡ್ಡ ಕೆಲಸ ಮಾಡಿದವರು, ಒಂದು ಅಕ್ಷರದೋಷ ತಿದ್ದಿದವರು ಎಂಬ ಭೇದವಿಲ್ಲದೆ. ಆ ಪಟ್ಟಿಗಳಲ್ಲಿ ಹೆಂಗಸರ ಹೆಸರು ಇನ್ನೂ ಕಡಿಮೆ, ಆದರೆ ಇರುವವರು ಮುಂಚೂಣಿಯಲ್ಲಿದ್ದಾರೆ. ಭಾಷೆಯ ಗ್ರಂಥಾಲಯ ತಂಡವನ್ನು ಮುನ್ನಡೆಸಿದವರು ಮಾರಾ ಬಾಸ್. ಎಲ್ಲರೂ ಓದುವ ರಸ್ಟ್‌ನ ಅಧಿಕೃತ ಪುಸ್ತಕವನ್ನು ಸ್ಟೀವ್ ಕ್ಲಾಬ್ನಿಕ್ ಜೊತೆ ಬರೆದವರು ಕ್ಯಾರಲ್ ನಿಕೋಲ್ಸ್. ಆ ಪುಸ್ತಕ ಅಂತರ್ಜಾಲದಲ್ಲಿ ಉಚಿತ.

ಇನ್ನು ಕನ್ನಡ. 2021ರ ಜೂನ್‌ನಲ್ಲಿ ಬಂದ 1.53ರಿಂದ ರಸ್ಟ್‌ನಲ್ಲಿ ನಾವು ಇಡುವ ಹೆಸರುಗಳು ಇಂಗ್ಲಿಷ್‌ನಲ್ಲೇ ಇರಬೇಕಾಗಿಲ್ಲ. ಭಾಷೆಯ ಮೂಲ ಪದಗಳು ಇಂಗ್ಲಿಷ್‌ನವೇ, ಆದರೆ ನಮ್ಮ ಲೆಕ್ಕದ ಪೆಟ್ಟಿಗೆಗಳಿಗೆ 'ಹಾಲು', 'ಬಾಡಿಗೆ', 'ಉಳಿತಾಯ' ಎಂದೇ ಹೆಸರಿಡಬಹುದು. ಕಂಪೈಲರ್ ಗಾಬರಿಯಾಗುವುದಿಲ್ಲ! ಹಾಪರ್ ಅವರ ಮೇಲಧಿಕಾರಿಗಳು ಈಗ ಇರಬೇಕಿತ್ತು. ಒಂದು ತೊಡಕು ಮಾತ್ರ ಇದೆ. 'ಸಾಫ್ಟ್‌ವೇರ್' ಎಂದು ಕನ್ನಡದಲ್ಲಿ ಟೈಪ್ ಮಾಡುವಾಗ ಟ ಮತ್ತು ವ ಒತ್ತಾಗಿ ಸೇರದಂತೆ ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಹಾಕುತ್ತೇವೆ. ರಸ್ಟ್ ಆ ಕಾಣದ ಚಿಹ್ನೆಯನ್ನು ಹೆಸರಿನೊಳಗೆ ಒಪ್ಪುವುದಿಲ್ಲ. ಕಣ್ಣಿಗೆ ಒಂದೇ ರೀತಿ ಕಂಡು ಒಳಗೆ ಬೇರೆಯಾಗಿರುವ ಎರಡು ಹೆಸರು ಹುಟ್ಟಿದರೆ ಮೋಸಕ್ಕೆ ದಾರಿ ಎಂಬ ಭಯಕ್ಕೆ ಇದು ಒಳ್ಳೆಯ ಕಾವಲು. ಆದರೆ ಕನ್ನಡದವರಿಗೆ ಈ ಚಿಹ್ನೆ ಅಲಂಕಾರವಲ್ಲ, ಕಾಗುಣಿತ. ಇಂಥದ್ದನ್ನು ಅವರ ಗಮನಕ್ಕೆ ತರಬೇಕಾದವರು ಕನ್ನಡ ಬರೆಯುವ ನಾವೇ. ಅದಕ್ಕೆ ಇಂಜಿನಿಯರ್ ಆಗಿರಬೇಕು ಎಂದೇನಿಲ್ಲ, ಎಲ್ಲಿ ತಪ್ಪುತ್ತದೆ ಎಂದು ಉದಾಹರಣೆ ಸಹಿತ ಸ್ಪಷ್ಟವಾಗಿ ಬರೆದುಕೊಟ್ಟರೆ ಅದೇ ಮೊದಲ ಹೆಜ್ಜೆ.

ಲ್ಯಾಪ್‌ಟಾಪ್ ತಂದಿದ್ದೇನೆ. ಚಹಾ ಆದ ಮೇಲೆ ಹಿಂದಿನ ಮೇಜಿನ ಹತ್ತಿರ ಬನ್ನಿ, ಈ ತಿಂಗಳ ಹಾಲಿನ ಲೆಕ್ಕವನ್ನು ಕನ್ನಡದ ಹೆಸರುಗಳಲ್ಲೇ ಬರೆದು ಓಡಿಸೋಣ. ಬೇಕೆಂದೇ ಒಂದು ತಪ್ಪು ಮಾಡಿ ಕಂಪೈಲರ್ ಅದನ್ನು ಹೇಗೆ ತೋರಿಸುತ್ತದೆ ನೋಡೋಣ. ತಪ್ಪಿನ ಸಾಲಿನ ಕೆಳಗೆ ಗೆರೆ ಎಳೆದು, ಹೀಗೆ ಮಾಡಿ ನೋಡಿ ಎಂದು ಸಲಹೆಯನ್ನೂ ಕೊಡುತ್ತದೆ. ಕೆಲಸ ಬಿಟ್ಟು ಮನೆಯಲ್ಲಿರುವ ಸೊಸೆ ಮಗಳು ಯಾರಾದರೂ ಇದ್ದರೆ ಅವರನ್ನೂ ಕರೆತನ್ನಿ. ಎರಡನೆಯ ಶನಿವಾರ ಮಧ್ಯಾಹ್ನ ಮೂರಕ್ಕೆ ಇದೇ ಹಾಲ್ ಸಿಗುತ್ತದೆ ಎಂದು ಕಾರ್ಯದರ್ಶಿಯವರು ಹೇಳಿದ್ದಾರೆ. ಈಗ ಪ್ರಶ್ನೆಗಳಿದ್ದರೆ ಕೇಳಿ.